ಕಾರ್ಖಾನೆ ಬಂತು, ಹೆಸರು ಬರಲಿಲ್ಲ: ಬೌದ್ಧಿಕ ಆಸ್ತಿಗೆ ವಕೀಲರು ಬೇಕಾಗುವುದು ಯಾವಾಗ?

1998ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಬ್ರಿಟನ್ನಿನ ರೋಲ್ಸ್ ರಾಯ್ಸ್ ಮೋಟಾರ್ ಕಾರ್ಸ್ ಅನ್ನು 43 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಕ್ರೂ ಪಟ್ಟಣದ ಕಾರ್ಖಾನೆ ಬಂತು, ಬೆಂಟ್ಲಿ ಬಂತು, ಕಾರಿನ ಮೂತಿಯ ಮೇಲೆ ಮುಂದಕ್ಕೆ ಬಾಗಿ ನಿಂತ ಆ ಪುಟ್ಟ ವಿಗ್ರಹದ ಹಕ್ಕು ಬಂತು, ಗ್ರಿಲ್‌ನ ಆಕಾರದ ಹಕ್ಕೂ ಬಂತು. ‘ರೋಲ್ಸ್ ರಾಯ್ಸ್’ ಎಂಬ ಹೆಸರು ಮಾತ್ರ ಬರಲಿಲ್ಲ. 1970ರ ದಶಕದ ಆರಂಭದಲ್ಲಿ ಮೂಲ ಕಂಪನಿ ದಿವಾಳಿಯೆದ್ದು ಎರಡು ಹೋಳಾದಾಗಿನಿಂದ ಆ ಹೆಸರಿನ ಒಡೆತನ ವಿಮಾನದ ಎಂಜಿನ್ ಮಾಡುವ ಇನ್ನೊಂದು ಕಂಪನಿಯ ಬಳಿ ಇತ್ತು. ಆ ಕಂಪನಿ ಹೆಸರಿನ ಲೈಸೆನ್ಸನ್ನು ಬಿಎಂಡಬ್ಲ್ಯುಗೆ 4 ಕೋಟಿ ಪೌಂಡಿಗೆ ಕೊಟ್ಟಿತು. ಕೊನೆಗೆ ಆದ ರಾಜಿಯಂತೆ 2003ರ ಜನವರಿಯಿಂದ ರೋಲ್ಸ್ ರಾಯ್ಸ್ ಕಾರು ಬಿಎಂಡಬ್ಲ್ಯು ಪಾಲಾಯಿತು. ತನಗೆ ಬೇಕಿದ್ದದ್ದು ಬೆಂಟ್ಲಿಯೇ ಎಂದು ಫೋಕ್ಸ್‌ವ್ಯಾಗನ್ ಆಮೇಲೆ ಹೇಳಿಕೊಂಡಿತು. ಇರಬಹುದು.

ಈ ಕಥೆಯಲ್ಲಿ ಕಳ್ಳ ಯಾರೂ ಇಲ್ಲ. ಬೌದ್ಧಿಕ ಆಸ್ತಿಯ ರಕ್ಷಣೆ ಎಂದೊಡನೆ ಕಣ್ಣ ಮುಂದೆ ಬರುವುದು ನಕಲಿ ಮಾಲು, ಕದ್ದ ಕೋಡ್, ಕೋರ್ಟು, ನೋಟಿಸು. ಆದರೆ ದೊಡ್ಡ ನಷ್ಟಗಳ ಜಾಡು ಹಿಡಿದು ಹಿಂದಕ್ಕೆ ನಡೆದರೆ ಎಷ್ಟೋ ಸಲ ಎದುರಾಗುವುದು ಒಂದು ಸಹಿ, ಒಂದು ತಾರೀಖು, ಇಲ್ಲವೇ ಯಾರೂ ಕೇಳದೆ ಬಿಟ್ಟ ಒಂದು ಪ್ರಶ್ನೆ: ಇದು ಕಾಗದದ ಮೇಲೆ ಯಾರದು? ಕಾನೂನು ಸೇವೆಗೆ ಸುರಿಯುವ ದುಡ್ಡಿನಲ್ಲಿ ಅತಿ ಹೆಚ್ಚು ಫಲ ಕೊಡುವುದು ಈ ಪ್ರಶ್ನೆಗೆ ಉತ್ತರ ಹುಡುಕಲು ಹೋದ ಪಾಲು ಎಂಬುದು ನನ್ನ ವಾದ. ವ್ಯಾಪಾರಿಗಳು ಕೈ ಬಿಗಿಹಿಡಿಯುವುದೂ ಇಲ್ಲೇ. ನೋಂದಣಿ ಪತ್ರಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಬಹುದು; ಒಡೆತನದ ತನಿಖೆಗೆ ತೋರಿಸಿಕೊಳ್ಳುವಂಥದ್ದು ಏನೂ ಇರುವುದಿಲ್ಲ.

ವಕೀಲರಿಗೆ ಬರವಿಲ್ಲದ ಕಂಪನಿಗಳೂ ಇಲ್ಲಿ ಎಡವಿವೆ. ಆಪಲ್ ತನ್ನ ಟ್ಯಾಬ್ಲೆಟ್ಟಿಗೆ ‘ಐಪ್ಯಾಡ್’ ಎಂಬ ಹೆಸರು ಬೇಕೆಂದು 2009ರಲ್ಲಿ ಬೇರೊಂದು ಹೆಸರಿನ ಬ್ರಿಟಿಷ್ ಕಂಪನಿಯ ಮೂಲಕ ಪ್ರೋವ್ಯೂ ಎಂಬ ಸಮೂಹದ ತೈವಾನ್ ಘಟಕದಿಂದ ಆ ಟ್ರೇಡ್‌ಮಾರ್ಕನ್ನು 35,000 ಪೌಂಡಿಗೆ ಕೊಂಡಿತು. ಚೀನಾದಲ್ಲಿನ ನೋಂದಣಿ ಮಾತ್ರ ಅದೇ ಸಮೂಹದ ಶೆನ್‌ಜೆನ್ ಘಟಕದ ಹೆಸರಿನಲ್ಲಿತ್ತು. ಸಹಿ ಹಾಕಿದ್ದು ಒಬ್ಬರು, ಹಕ್ಕುದಾರರು ಇನ್ನೊಬ್ಬರು. ಜಗಳ ಕೋರ್ಟು ಹತ್ತಿತು. 2012ರಲ್ಲಿ 6 ಕೋಟಿ ಡಾಲರ್ ಕೊಟ್ಟು ಆಪಲ್ ಅದನ್ನು ಮುಗಿಸಿಕೊಂಡಿತು. ನೋಂದಣಿ ದಾಖಲೆಯಲ್ಲಿ ಮಾಲೀಕರ ಹೆಸರಿನ ಅಂಕಣವನ್ನೂ ಮಾರಾಟ ಪತ್ರದ ಸಹಿಯನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಒಬ್ಬ ಕಿರಿಯ ವಕೀಲರ ಮಧ್ಯಾಹ್ನದ ಕೆಲಸ.

ಇದಕ್ಕಿಂತ ಸೂಕ್ಷ್ಮವಾದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಕರಣ. ಅಲ್ಲಿನ ಸಂಶೋಧಕರೊಬ್ಬರು ಕೆಲಸಕ್ಕೆ ಸೇರುವಾಗ, ತಮ್ಮ ಆವಿಷ್ಕಾರಗಳನ್ನು ವಿಶ್ವವಿದ್ಯಾಲಯಕ್ಕೆ ‘ವರ್ಗಾಯಿಸಲು ಒಪ್ಪುತ್ತೇನೆ’ ಎಂಬರ್ಥದ ಪತ್ರಕ್ಕೆ ಸಹಿ ಹಾಕಿದ್ದರು. ಆಮೇಲೆ ಹೊಸ ತಂತ್ರವೊಂದನ್ನು ಕಲಿಯಲು ಸೀಟಸ್ ಎಂಬ ಖಾಸಗಿ ಕಂಪನಿಯ ಪ್ರಯೋಗಾಲಯಕ್ಕೆ ಹೋದಾಗ ಅಲ್ಲಿ ಸಂದರ್ಶಕರಿಗೆ ಕೊಡುವ ಗೋಪ್ಯತೆಯ ಪತ್ರಕ್ಕೂ ಸಹಿ ಹಾಕಿದರು. ಅದರಲ್ಲಿ ‘ಈ ಮೂಲಕ ವರ್ಗಾಯಿಸುತ್ತೇನೆ’ ಎಂದಿತ್ತು. ಎಚ್‌ಐವಿ ಪ್ರಮಾಣ ಅಳೆಯುವ ಪರೀಕ್ಷೆ ಮಾರುಕಟ್ಟೆಗೆ ಬಂದ ಮೇಲೆ, ಸೀಟಸ್‌ನಿಂದ ಹಕ್ಕು ಪಡೆದಿದ್ದ ರೋಶ್ ಕಂಪನಿಯ ಮೇಲೆ ಸ್ಟ್ಯಾನ್‌ಫರ್ಡ್ ದಾವೆ ಹೂಡಿತು. ಮೊದಲನೆಯದು ಮುಂದೆ ಕೊಡುವ ಭರವಸೆ, ಎರಡನೆಯದು ಅಲ್ಲೇ ಆಗಿಹೋದ ವರ್ಗಾವಣೆ ಎಂದಿತು ಮೇಲ್ಮನವಿ ನ್ಯಾಯಾಲಯ. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲೂ ಸ್ಟ್ಯಾನ್‌ಫರ್ಡ್ ಸೋತಿತು: ಸರ್ಕಾರದ ಹಣದಿಂದ ನಡೆದ ಸಂಶೋಧನೆ ಎಂದ ಮಾತ್ರಕ್ಕೆ ಹಕ್ಕು ತಾನಾಗಿ ವಿಶ್ವವಿದ್ಯಾಲಯಕ್ಕೆ ಬರುವುದಿಲ್ಲ ಎಂದಾಯಿತು. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಮಾದರಿ ಒಪ್ಪಂದಗಳ ಬಗ್ಗೆ ನನಗಿರುವ ಅಪನಂಬಿಕೆಗೆ ಈ ಒಂದು ಕ್ರಿಯಾಪದವೇ ಸಾಕು.

ಸಣ್ಣ ವ್ಯಾಪಾರದಲ್ಲಿ ಇದೇ ತೊಡಕು ಬಡವರ ವೇಷದಲ್ಲಿ ಬರುತ್ತದೆ. ಲೋಗೊ ಬರೆದುಕೊಟ್ಟ ಕಲಾವಿದ, ಆ್ಯಪ್‌ನ ಮೊದಲ ಆವೃತ್ತಿ ಮಾಡಿಕೊಟ್ಟ ಪ್ರೋಗ್ರಾಮರ್, ಫೋಟೊ ತೆಗೆದ ಗೆಳೆಯ. ದುಡ್ಡು ಕೊಟ್ಟಾಯಿತು, ಕೆಲಸ ನಮ್ಮದಾಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಕಾಪಿರೈಟ್ ಹಾಗೆ ನಡೆಯುವುದಿಲ್ಲ. ಸಂಬಳದ ನೌಕರ ಕೆಲಸದ ಭಾಗವಾಗಿ ಮಾಡಿದ್ದು ಬಹಳಷ್ಟು ದೇಶಗಳಲ್ಲಿ ಮಾಲೀಕರಿಗೆ ಸೇರುತ್ತದೆ. ಹೊರಗಿನವರು ಮಾಡಿಕೊಟ್ಟದ್ದು ಬರಹದ ವರ್ಗಾವಣೆ ಇಲ್ಲದಿದ್ದರೆ ಸಾಮಾನ್ಯವಾಗಿ ಮಾಡಿದವರಲ್ಲೇ ಉಳಿಯುತ್ತದೆ, ಹಣ ಕೊಟ್ಟವರಿಗೆ ಬಳಸುವ ಅನುಮತಿಯಷ್ಟೇ. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂದು ಸೇವಾಸಂಸ್ಥೆ ಮಾಡಿಸಿದ ಶಿಲ್ಪದ ವಿಚಾರದಲ್ಲಿ ಇದನ್ನೇ ಎತ್ತಿಹಿಡಿಯಿತು: ಕಲ್ಪನೆ ಸಂಸ್ಥೆಯದಾಗಿತ್ತು, ಹಣವೂ ಸಂಸ್ಥೆಯದು, ಆದರೂ ಶಿಲ್ಪಿ ನೌಕರನಲ್ಲ. ಇನ್ನೂ ಒಂದು ಬಿರುಕು ಇದೆ. ಕಂಪನಿ ಹುಟ್ಟುವ ಮೊದಲೇ ಸ್ಥಾಪಕರು ಬರೆದ ಕೋಡ್ ಕಂಪನಿಯದಲ್ಲ, ಅವರವರದು. ಅದರಲ್ಲಿ ಒಬ್ಬರು ಆಗ ಬೇರೆಡೆ ನೌಕರಿಯಲ್ಲಿದ್ದರೆ ಆ ಹಳೆಯ ಮಾಲೀಕರದೂ ಆಗಿರಬಹುದು. ಬಂಡವಾಳ ಹಾಕುವವರ ವಕೀಲರು ಮೊದಲು ಬೆರಳಿಡುವುದು ಇಲ್ಲೇ. ಅಷ್ಟು ಹೊತ್ತಿಗೆ ಆ ಪ್ರೋಗ್ರಾಮರ್ ಮುನಿಸಿಕೊಂಡು ದೂರವಾಗಿರುತ್ತಾನೆ, ಅವನ ಒಂದು ಸಹಿಯ ಬೆಲೆ ಕೆಲಸದ ಕೂಲಿಯನ್ನೂ ಮೀರಿರುತ್ತದೆ.

ಒಡೆತನದ ನಂತರದ್ದು ತಾರೀಖಿನ ಮಾತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದನ್ನು ನಾವು ಗೇಲಿ ಮಾಡುತ್ತೇವೆ. ಪೇಟೆಂಟಿನಲ್ಲಿ ಕುಲಾವಿ ಮೊದಲೇ ಬೇಕು. ಸಮ್ಮೇಳನದ ಭಾಷಣ, ಗಿರಾಕಿಗೆ ತೋರಿಸಿದ ಮಾದರಿ, ಜಾಲತಾಣದಲ್ಲಿ ಹಾಕಿದ ವಿಡಿಯೊ ಯಾವುದಾದರೂ ಸರಿ, ಅರ್ಜಿಗಿಂತ ಮೊದಲು ಲೋಕದ ಕಣ್ಣಿಗೆ ಬಿದ್ದರೆ ಯುರೋಪಿನಲ್ಲಿ ಪೇಟೆಂಟಿಗೆ ಬೇಕಾದ ಹೊಸತನ ಹೋಯಿತೆಂದೇ ಲೆಕ್ಕ. ಅಮೆರಿಕ ಸಂಶೋಧಕರ ಸ್ವಂತ ಪ್ರಕಟಣೆಗೆ ಒಂದು ವರ್ಷದ ವಿನಾಯಿತಿ ಕೊಡುತ್ತದೆ. ಆ ವಿನಾಯಿತಿಯ ಬಗ್ಗೆ ಅರೆಬರೆ ಓದಿದವರೇ ಉಳಿದ ದೇಶಗಳ ಹಕ್ಕನ್ನು ಕಳೆದುಕೊಳ್ಳುವುದು. ಗೋಪ್ಯತೆಯ ಒಪ್ಪಂದದಡಿ ತೋರಿಸಿದ್ದು ಪ್ರಕಟಣೆಯಲ್ಲ, ಆದ್ದರಿಂದ ಆ ಒಂದೆರಡು ಪುಟಕ್ಕೆ ಬೆಲೆಯಿದೆ. ಬಂಡವಾಳಗಾರರಲ್ಲಿ ಅನೇಕರು ಅದಕ್ಕೆ ಸಹಿ ಹಾಕಲು ಒಪ್ಪುವುದಿಲ್ಲ ಎಂಬುದೂ ಗೊತ್ತಿರಲಿ. ಅವರ ಮುಂದೆ ಏನು ಸಾಧಿಸುತ್ತದೆ ಎಂದು ಹೇಳಿ, ಹೇಗೆ ಎಂಬುದನ್ನು ಬಾಯಿಬಿಡದೆ ಬರುವುದೇ ವಾಡಿಕೆ.

ಒಂದು ದೇಶದಲ್ಲಿ ಅರ್ಜಿ ಹಾಕಿದ ಮೇಲೆ ಗಡಿಯಾರ ಓಡತೊಡಗುತ್ತದೆ. 1883ರ ಪ್ಯಾರಿಸ್ ಒಪ್ಪಂದದ ಪ್ರಕಾರ ಪೇಟೆಂಟಿಗೆ 12 ತಿಂಗಳು, ಟ್ರೇಡ್‌ಮಾರ್ಕು ಮತ್ತು ವಿನ್ಯಾಸಕ್ಕೆ 6 ತಿಂಗಳು ಅವಕಾಶ. ಅಷ್ಟರಲ್ಲಿ ಬೇರೆ ಸದಸ್ಯ ದೇಶಗಳಲ್ಲಿ ಅರ್ಜಿ ಹಾಕಿದರೆ ಮೊದಲ ದಿನದ ಆದ್ಯತೆಯೇ ಸಿಗುತ್ತದೆ. 1970ರ ಪೇಟೆಂಟ್ ಸಹಕಾರ ಒಪ್ಪಂದದ ದಾರಿ ಹಿಡಿದರೆ ಯಾವ ಯಾವ ದೇಶಕ್ಕೆ ಹೋಗಬೇಕೆಂಬ ತೀರ್ಮಾನವನ್ನು ಸಾಮಾನ್ಯವಾಗಿ ಮೊದಲ ತಾರೀಖಿನಿಂದ 30 ತಿಂಗಳವರೆಗೆ ಮುಂದೂಡಬಹುದು. ‘ವಿಶ್ವ ಪೇಟೆಂಟ್’ ಎಂಬುದು ಮಾತ್ರ ಎಲ್ಲೂ ಇಲ್ಲ. ಹಾಗೆಂದು ಯಾರಾದರೂ ಮಾರಲು ಬಂದರೆ ಮಾತು ಅಲ್ಲಿಗೇ ಮುಗಿಸಬಹುದು. ಆ 30 ತಿಂಗಳಲ್ಲಿ ವ್ಯಾಪಾರ ನಡೆಯುತ್ತದೋ ಇಲ್ಲವೋ ಎಂಬುದು ಗೊತ್ತಾಗಿರುತ್ತದೆ, ಅನುವಾದ ಮತ್ತು ಶುಲ್ಕದ ದೊಡ್ಡ ಖರ್ಚು ಅದಾದ ಮೇಲೆ. ಟ್ರೇಡ್‌ಮಾರ್ಕಿಗೆ ಮ್ಯಾಡ್ರಿಡ್ ವ್ಯವಸ್ಥೆ ಇದೆ: ಒಂದೇ ಅರ್ಜಿ, ಹಲವು ದೇಶ. ಅದರ ಒಳಗುಟ್ಟು ಕರಪತ್ರಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಮೊದಲ ಐದು ವರ್ಷ ಎಲ್ಲ ದೇಶಗಳ ನೋಂದಣಿಯೂ ತವರಿನ ನೋಂದಣಿಗೆ ಕಟ್ಟಿಹಾಕಿಕೊಂಡಿರುತ್ತದೆ. ಅಲ್ಲಿ ಎದುರಾಳಿ ಅದನ್ನು ಉರುಳಿಸಿದರೆ ಉಳಿದವೂ ಉರುಳುತ್ತವೆ. ಆಮೇಲೆ ಒಂದೊಂದನ್ನೂ ರಾಷ್ಟ್ರೀಯ ಅರ್ಜಿಯಾಗಿ ಬದಲಿಸಿಕೊಳ್ಳಲು ಮೂರು ತಿಂಗಳ ಗಡುವಿದೆ, ಖರ್ಚು ಹೊಸದಾಗಿ. ತವರಿನ ನೋಂದಣಿ ದುರ್ಬಲ ಎಂದು ಕಂಡರೆ ಒಳ್ಳೆಯ ವಕೀಲರು ಮ್ಯಾಡ್ರಿಡ್ ಬೇಡ ಎನ್ನುತ್ತಾರೆ, ತಮ್ಮ ಶುಲ್ಕ ಹೆಚ್ಚಿಸಿಕೊಳ್ಳಲು ಹಾಗೆನ್ನುತ್ತಿದ್ದಾರೆಂದು ಗಿರಾಕಿಗೆ ಅನುಮಾನ ಬಂದರೂ.

ಹಾಗಾದರೆ ಎಲ್ಲದಕ್ಕೂ ವಕೀಲರೇ ಬೇಕೆ? ಬೇಡ. ಕಾಪಿರೈಟ್ 1886ರ ಬರ್ನ್ ಒಪ್ಪಂದದ ದೇಶಗಳಲ್ಲಿ ಕೃತಿಯೊಂದಿಗೇ ಹುಟ್ಟುತ್ತದೆ, ನೋಂದಣಿ ಬೇಕಿಲ್ಲ. ದಾವೆ ಹೂಡುವಾಗ ನೋಂದಣಿ ಸಾಕ್ಷ್ಯಕ್ಕೆ ಕೆಲವೆಡೆ ನೆರವಾಗುತ್ತದೆ; ಅಮೆರಿಕದಲ್ಲಿ ಮಾತ್ರ ಅಲ್ಲಿನ ಕೃತಿಗೆ ದಾವೆ ಹೂಡುವ ಮೊದಲು ಅದು ಬೇಕೇ ಬೇಕು. ಒಂದೇ ದೇಶದಲ್ಲಿ, ಒಂದೇ ವರ್ಗದಲ್ಲಿ, ಯಾರೂ ಬಳಸದ ಹೊಸ ಪದವೊಂದನ್ನು ಟ್ರೇಡ್‌ಮಾರ್ಕಾಗಿ ನೋಂದಾಯಿಸಲು ತಾಳ್ಮೆಯಿರುವ ಯಾರಿಗಾದರೂ ಆದೀತು. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ 34 ಸರಕಿನ ವರ್ಗಗಳು, 11 ಸೇವೆಯ ವರ್ಗಗಳು, ಒಟ್ಟು 45. ನಿಮ್ಮದು ಎಲ್ಲಿ ಬರುತ್ತದೆಂದು ನೋಡಿಕೊಳ್ಳಬೇಕು. ಆನ್‌ಲೈನ್ ಪ್ಯಾಕೇಜ್ ಮಾರುವವರು ಮಾಡುವುದೂ ಇಷ್ಟನ್ನೇ, ಕೆಲವರು ಚೆನ್ನಾಗಿಯೇ ಮಾಡುತ್ತಾರೆ. ಸಮಸ್ಯೆ ಅವರು ಮಾಡುವ ಹುಡುಕಾಟದಲ್ಲಿದೆ. ನಿಮ್ಮ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲುವುದು ಇದೆಯೇ ಎಂದು ಯಂತ್ರ ನೋಡಿ ಹಸಿರು ದೀಪ ತೋರಿಸುತ್ತದೆ. ಕಾನೂನು ಕೇಳುವುದು ಬೇರೆ: ಉಚ್ಚಾರಣೆಯಲ್ಲಿ, ನೋಟದಲ್ಲಿ, ಅರ್ಥದಲ್ಲಿ ಗಿರಾಕಿ ಮೋಸ ಹೋಗುವಷ್ಟು ಹತ್ತಿರವೇ? ಜೊತೆಗೆ, ಅರ್ಜಿ ಹಾಕಲು ನೂರು ಜನ ಸಿಗುತ್ತಾರೆ. ಆ ಹೆಸರೇ ಬೇಡ, ಸರಕಿನ ಗುಣವನ್ನೇ ಹೇಳುವ ಪದ ಯಾರ ಸ್ವತ್ತೂ ಆಗದು ಎಂದು ಹೇಳುವವರು ಕಡಿಮೆ. ಹೇಳಿದರೆ ಅವರ ಪ್ಯಾಕೇಜ್ ಮಾರಾಟವಾಗುವುದಿಲ್ಲವಲ್ಲ.

ಹೆಸರು ಗೆದ್ದು ಸೋಲುವುದೂ ಉಂಟು. ‘ಎಸ್ಕಲೇಟರ್’ ಓಟಿಸ್ ಕಂಪನಿಯ ಟ್ರೇಡ್‌ಮಾರ್ಕಾಗಿತ್ತು. ಕಂಪನಿಯೇ ಅದನ್ನು ‘ಎಲಿವೇಟರ್’ ಎಂಬಂತೆ ಸಾಮಾನ್ಯ ನಾಮವಾಗಿ ಬಳಸಿ 1950ರಲ್ಲಿ ಅಮೆರಿಕದಲ್ಲಿ ಕಳೆದುಕೊಂಡಿತು.

ಪೇಟೆಂಟಿಗೆ ಬಂದರೆ ನಾನು ಯಾರಿಗೂ ಸ್ವಂತ ಪ್ರಯೋಗ ಬೇಡ ಎನ್ನುತ್ತೇನೆ. ಕಾರಣ ಅದರ ಕೊನೆಯಲ್ಲಿ ಬರುವ, ಸಂಖ್ಯೆ ಹಾಕಿದ ವಾಕ್ಯಗಳು. ಅವನ್ನು ಕ್ಲೇಮ್ ಎನ್ನುತ್ತಾರೆ. ಹಕ್ಕಿನ ಬೇಲಿ ಎಂದರೆ ಅವು ಮಾತ್ರ. ಉಳಿದ ಚಿತ್ರ, ವಿವರಣೆಗಳೆಲ್ಲ ಆ ಬೇಲಿಗೆ ಆಧಾರ. ಮುಚ್ಚಳವೊಂದನ್ನು ಕಂಡುಹಿಡಿದವರು ‘ಲೋಹದ ಸ್ಪ್ರಿಂಗ್ ಇರುವ ಮುಚ್ಚಳ’ ಎಂದು ಬರೆದರೆ, ಎದುರಾಳಿ ರಬ್ಬರ್ ಹಾಕಿ ಮಾರುತ್ತಾನೆ. ‘ಮುಚ್ಚಳವನ್ನು ಹಿಂದಕ್ಕೆ ತಳ್ಳುವ ಸ್ಥಿತಿಸ್ಥಾಪಕ ಭಾಗ’ ಎಂದು ಬರೆದರೆ ರಬ್ಬರೂ ಒಳಗೆ ಬರುತ್ತದೆ, ಆದರೆ ಹಳೆಯ ಯಾವುದೋ ಮುಚ್ಚಳವೂ ಒಳಗೆ ಬಂದು ಪೇಟೆಂಟೇ ಬಿದ್ದುಹೋಗಬಹುದು. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎನ್ನುವ ಎದುರಾಳಿಯನ್ನು ಹತ್ತು ವರ್ಷ ಮೊದಲೇ ಊಹಿಸಿ ಬರೆಯುವ ಬರವಣಿಗೆ ಇದು. ಆದ್ದರಿಂದ ಪೇಟೆಂಟ್ ವಕೀಲರನ್ನೋ ಏಜೆಂಟರನ್ನೋ ಹುಡುಕುವಾಗ ಕಚೇರಿಯ ಹೆಸರಿಗಿಂತ ಮೂರು ಸಂಗತಿ ಮುಖ್ಯ. ಕರಡು ಬರೆಯುವ ವ್ಯಕ್ತಿ ಯಾರು, ಅವರಿಗೆ ನಿಮ್ಮ ತಂತ್ರಜ್ಞಾನ ಅರ್ಥವಾಗುತ್ತದೆಯೇ, ಅದೇ ಕಚೇರಿ ನಿಮ್ಮ ಪ್ರತಿಸ್ಪರ್ಧಿಯ ಪರವೂ ಕೆಲಸ ಮಾಡುತ್ತಿದೆಯೇ. ಶುಲ್ಕ ಕೇಳುವಾಗ ಅರ್ಜಿಯದನ್ನಷ್ಟೇ ಕೇಳಬೇಡಿ. ಪರೀಕ್ಷಕರ ಆಕ್ಷೇಪಗಳಿಗೆ ಉತ್ತರ ಬರೆಯುವುದಕ್ಕೆ, ಅರ್ಜಿಯಿಂದ 20 ವರ್ಷದವರೆಗೆ ಹಕ್ಕನ್ನು ಉಳಿಸಿಕೊಳ್ಳಲು ಕಟ್ಟುವ ನವೀಕರಣಕ್ಕೆ ಎಷ್ಟು ಎಂದೂ ಕೇಳಿ.

ಇನ್ನೊಂದು ಗೊಂದಲವನ್ನು ಬಿಡಿಸಲೇಬೇಕು. ಪೇಟೆಂಟ್ ಬಂತೆಂದರೆ ಸರಕನ್ನು ಮಾಡಿ ಮಾರುವ ಪರವಾನಗಿ ಬಂತು ಎಂದು ತಿಳಿಯುವವರೇ ಬಹಳ. ಅದು ಇನ್ನೊಬ್ಬರನ್ನು ತಡೆಯುವ ಹಕ್ಕು, ನಿಮಗೆ ಕೊಟ್ಟ ಅಪ್ಪಣೆಯಲ್ಲ. ನಿಮ್ಮ ಸುಧಾರಣೆ ಬೇರೊಬ್ಬರ ಹಳೆಯ ಪೇಟೆಂಟಿನ ಬೆನ್ನ ಮೇಲೆ ಕೂತಿದ್ದರೆ ನಿಮ್ಮದನ್ನು ನೀವೇ ಮಾರಲಾರಿರಿ. ಅದಕ್ಕೇ ಸರಕು ಹೊರಬರುವ ಮುನ್ನ ಬೇರೆಯವರ ಜೀವಂತ ಪೇಟೆಂಟುಗಳನ್ನು ಜಾಲಾಡಿ ವಕೀಲರು ಲಿಖಿತ ಅಭಿಪ್ರಾಯ ಕೊಡುವ ಸೇವೆಯೊಂದಿದೆ. ದುಬಾರಿ. ಕೊಡಕ್ 1976ರಲ್ಲಿ ತಕ್ಷಣ ಚಿತ್ರ ಕೊಡುವ ಕ್ಯಾಮೆರಾ ತಂದಾಗ ಅಂಥ ಅಭಿಪ್ರಾಯ ಪಡೆದೇ ತಂದಿತ್ತು. ಪೋಲರಾಯ್ಡ್ ದಾವೆ ಹೂಡಿತು, ಕೊಡಕ್ ಸೋತಿತು, 1986ರ ಜನವರಿಯಲ್ಲಿ ಆ ವ್ಯಾಪಾರದಿಂದಲೇ ಹೊರಬಿತ್ತು. 1990ರಲ್ಲಿ ನಿಗದಿಯಾದ ಪರಿಹಾರ ಸುಮಾರು 90 ಕೋಟಿ ಡಾಲರ್. ಅಭಿಪ್ರಾಯ ತಪ್ಪಾಗಿತ್ತು ಎಂದಾಯಿತು. ಆದರೂ ಅದು ವ್ಯರ್ಥವಾಗಿ ಹೋಗಲಿಲ್ಲ: ಸಮರ್ಥ ಪೇಟೆಂಟ್ ವಕೀಲರ ಸಲಹೆಯನ್ನು ಪ್ರಾಮಾಣಿಕವಾಗಿ ನಂಬಿ ನಡೆದದ್ದರಿಂದ ಉಲ್ಲಂಘನೆ ಉದ್ದೇಶಪೂರ್ವಕವಲ್ಲ ಎಂದು ನ್ಯಾಯಾಧೀಶರು ಹೇಳಿದ್ದರಿಂದ ಪರಿಹಾರ ಮೂರು ಪಟ್ಟಾಗುವುದು ತಪ್ಪಿತು. ತಪ್ಪಾದ ಸಲಹೆಯೂ ಸಹ ಫೈಲಿನಲ್ಲಿ ಇದ್ದದ್ದಕ್ಕೆ ಅಷ್ಟು ಬೆಲೆ.

ಇಷ್ಟಾದ ಮೇಲೂ ಯಾರೋ ನಕಲು ಮಾಡಿಯೇ ಮಾಡುತ್ತಾರೆ. ಆಗ ಗಿರಾಕಿ ವಕೀಲರಿಗೆ ಹೇಳುವುದು ಒಂದೇ ಮಾತು: ಖಾರವಾದ ನೋಟಿಸ್ ಕಳಿಸಿ. ಖಾರದ ನೋಟಿಸು ತಿರುಗಿಬೀಳಬಹುದು. ಬ್ರಿಟನ್ನಿನಂಥ ದೇಶಗಳಲ್ಲಿ ಆಧಾರವಿಲ್ಲದ ಉಲ್ಲಂಘನೆಯ ಬೆದರಿಕೆಯ ಮೇಲೆಯೇ ದಾವೆ ಹೂಡಬಹುದು. ಎಲ್ಲೆಡೆಯೂ ಆರೋಪಿಯ ಮೊದಲ ಆಯುಧ ನಿಮ್ಮ ಪೇಟೆಂಟೇ ಅಸಿಂಧು ಎಂಬ ವಾದ, ಅಂದರೆ ದಾವೆ ಹೂಡುವವರು ತಮ್ಮ ಆಸ್ತಿಯನ್ನೇ ಪಣಕ್ಕಿಟ್ಟಿರುತ್ತಾರೆ. ಹಾಗೆಂದು ತಿಂಗಳುಗಟ್ಟಲೆ ಯೋಚಿಸುತ್ತ ಕೂರುವಂತೆಯೂ ಇಲ್ಲ, ತಡ ಮಾಡಿದವರಿಗೆ ತಾತ್ಕಾಲಿಕ ತಡೆಯಾಜ್ಞೆ ಸಿಗುವುದು ಕಷ್ಟ. ಕೋರ್ಟಿಗಿಂತ ಅಗ್ಗದ ದಾರಿಗಳು ಇವೆ. ಟ್ರೇಡ್‌ಮಾರ್ಕನ್ನು ಸುಂಕದ ಇಲಾಖೆಯಲ್ಲಿ ದಾಖಲಿಸಿದರೆ ನಕಲಿ ಮಾಲನ್ನು ಬಂದರಿನಲ್ಲೇ ತಡೆಯಲು ಅವಕಾಶವಿದೆ. ಆನ್‌ಲೈನ್ ಮಾರುಕಟ್ಟೆಗಳಿಗೆ ನೋಂದಣಿ ಸಂಖ್ಯೆ ಕೊಟ್ಟು ನಕಲಿ ಪುಟ ತೆಗೆಸಬಹುದು. ಹೆಸರು ಕದ್ದು ಡೊಮೇನ್, ಅಂದರೆ ಜಾಲತಾಣದ ವಿಳಾಸ, ಮಾಡಿಕೊಂಡವರ ವಿರುದ್ಧ 1999ರಿಂದ ಜಾರಿಯಲ್ಲಿರುವ, ಯುಡಿಆರ್‌ಪಿ ಎಂಬ ವಿವಾದ ಪರಿಹಾರ ವಿಧಾನವಿದೆ. ಡೊಮೇನ್ ರದ್ದಾಗುತ್ತದೆ ಅಥವಾ ನಿಮ್ಮ ಕೈಗೆ ಬರುತ್ತದೆ, ಪರಿಹಾರದ ಹಣ ಮಾತ್ರ ಸಿಗುವುದಿಲ್ಲ.

ವ್ಯಾಪಾರ ರಹಸ್ಯದ ವಿಚಾರದಲ್ಲಂತೂ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೇ ರೂಢಿ. ಇದಕ್ಕೆ ನೋಂದಣಿ ಎಂಬುದೇ ಇಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 39ನೇ ವಿಧಿ ಕೇಳುವುದು ಮೂರು: ಮಾಹಿತಿ ಗುಟ್ಟಾಗಿರಬೇಕು, ಗುಟ್ಟಾಗಿರುವುದರಿಂದಲೇ ಅದಕ್ಕೆ ಬೆಲೆ ಇರಬೇಕು, ಗುಟ್ಟಾಗಿಡಲು ಮಾಲೀಕರು ತಕ್ಕ ಎಚ್ಚರ ವಹಿಸಿರಬೇಕು. ಸೋಲುವವರು ಬಹುತೇಕ ಮೂರನೆಯದರಲ್ಲಿ ಸೋಲುತ್ತಾರೆ. ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿತ್ತು, ಬಿಟ್ಟುಹೋದ ನೌಕರನ ಲ್ಯಾಪ್‌ಟಾಪ್ ಯಾರೂ ನೋಡಲಿಲ್ಲ. ಗೂಗಲ್ ಬಳಗದ ವೇಮೊ ತನ್ನ ಹಳೆಯ ಎಂಜಿನಿಯರ್ 14,000ಕ್ಕೂ ಹೆಚ್ಚು ಫೈಲುಗಳನ್ನು ಇಳಿಸಿಕೊಂಡು ಹೋದರೆಂದು ಊಬರ್ ಮೇಲೆ ಹೂಡಿದ ದಾವೆಗೆ ಬಲ ಬಂದದ್ದೇ ಆ ಇಳಿಕೆಯ ದಾಖಲೆ ಇದ್ದದ್ದರಿಂದ. 2018ರಲ್ಲಿ ವಿಚಾರಣೆಯ ನಡುವೆಯೇ ಊಬರ್ ತನ್ನ ಶೇಕಡಾ 0.34ರಷ್ಟು ಷೇರು ಕೊಟ್ಟು ರಾಜಿಯಾಯಿತು. ಆಗಿನ ಬೆಲೆಯಲ್ಲಿ ಸುಮಾರು 24.5 ಕೋಟಿ ಡಾಲರ್.

ನಡುವೆ ಒಂದು ಎಚ್ಚರಿಕೆ. ಅರ್ಜಿ ಪ್ರಕಟವಾದ ಕೆಲವೇ ದಿನಗಳಲ್ಲಿ ಸರ್ಕಾರಿ ಮುದ್ರೆಯಂಥದ್ದು ಹೊತ್ತ ಬಿಲ್ಲು ನಿಮ್ಮ ವಿಳಾಸಕ್ಕೆ ಬರಬಹುದು. ಪ್ರಕಟಿತ ದಾಖಲೆಯಿಂದ ಹೆಸರು ಹೆಕ್ಕಿ, ಇಲ್ಲದ ‘ರಿಜಿಸ್ಟರ್’ ಒಂದಕ್ಕೆ ಶುಲ್ಕ ಕೇಳುವ ದಂಧೆ ಇದು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ಇಂಥ ಪತ್ರಗಳ ಮಾದರಿಗಳನ್ನೇ ಪ್ರಕಟಿಸಿ ಎಚ್ಚರಿಸುತ್ತಿದೆ. ನಿಮ್ಮ ವಕೀಲರ ಮೂಲಕ ಬಾರದ ಯಾವ ಬಿಲ್ಲಿಗೂ ಅವರನ್ನು ಕೇಳದೆ ದುಡ್ಡು ಕಟ್ಟಬೇಡಿ.

‘ಇದು ಯಾರದು’ ಎಂಬ ಹಳೆಯ ಪ್ರಶ್ನೆ ಈಗ ಕೃತಕ ಬುದ್ಧಿಮತ್ತೆಯ ಕಡೆಯಿಂದ ಮತ್ತೆ ಬಂದಿದೆ, ಈ ಸಲ ಉತ್ತರ ‘ಯಾರದೂ ಅಲ್ಲ’ ಎಂದೂ ಇರಬಹುದು. ಯಂತ್ರವನ್ನು ಸಂಶೋಧಕ ಎಂದು ಹೆಸರಿಸಿದ ಪೇಟೆಂಟ್ ಅರ್ಜಿಯನ್ನು 2022ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೂ 2023ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟೂ ತಳ್ಳಿಹಾಕಿದವು; ಅದೇ ಅರ್ಜಿಗೆ ದಕ್ಷಿಣ ಆಫ್ರಿಕಾ 2021ರಲ್ಲೇ ಪೇಟೆಂಟ್ ಕೊಟ್ಟಿತ್ತು. ಮನುಷ್ಯನ ಕೈವಾಡವಿಲ್ಲದ ಚಿತ್ರಕ್ಕೆ ಕಾಪಿರೈಟ್ ಇಲ್ಲವೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2025ರಲ್ಲಿ ಹೇಳಿತು. ಬೀಜಿಂಗ್ ಇಂಟರ್ನೆಟ್ ನ್ಯಾಯಾಲಯ 2023ರಲ್ಲಿ, ಸೂಚನೆಗಳನ್ನು ತಿದ್ದಿ ತೀಡಿ ಚಿತ್ರ ಮಾಡಿಸಿದ ವ್ಯಕ್ತಿಗೆ ಹಕ್ಕು ಇದೆ ಎಂದಿತು. ವ್ಯಾಪಾರಕ್ಕೆ ಇದರ ಅರ್ಥ ನೇರವಾದದ್ದು: ಕಲಾವಿದನಿಂದ ಹಕ್ಕು ಬರೆಸಿಕೊಂಡ ಪತ್ರ ಎಷ್ಟೇ ಗಟ್ಟಿಯಿದ್ದರೂ, ಅವನು ಆ ಲೋಗೊವನ್ನು ಯಂತ್ರದಿಂದ ಹೊರತೆಗೆದಿದ್ದರೆ ಕೆಲವು ದೇಶಗಳಲ್ಲಿ ಬರೆದುಕೊಡಲು ಅವನ ಬಳಿ ಕಾಪಿರೈಟೇ ಇರುವುದಿಲ್ಲ. ಟ್ರೇಡ್‌ಮಾರ್ಕಾಗಿ ನೋಂದಾಯಿಸಲು ಅದರಿಂದ ಅಡ್ಡಿಯಿಲ್ಲ. ಬೇರೆ ವ್ಯಾಪಾರದವರು ಅದೇ ಚಿತ್ರವನ್ನು ಎತ್ತಿಕೊಂಡರೆ ತಡೆಯುವುದು ಕಷ್ಟ. ಯಾವ ಉಪಕರಣ ಬಳಸಿದೆ, ಯಾವ ಭಾಗ ಕೈಯಿಂದ ಮಾಡಿದೆ, ಕರಡುಗಳು ಎಲ್ಲಿವೆ ಎಂದು ಕೇಳುವ ಷರತ್ತು ಇಂಥ ಒಪ್ಪಂದಗಳಿಗೆ ಈಗ ಬೇಕು. ನಿಮ್ಮ ವಕೀಲರು ಕಳಿಸಿದ ಕರಡಿನಲ್ಲಿ ಅದಿಲ್ಲದಿದ್ದರೆ, ಆ ಕರಡು ಯಾವ ವರ್ಷದ್ದು ಎಂದು ಕೇಳಿ ನೋಡಿ.